ತಟ್ಟೆಯಷ್ಟು ಹೂವು

ಕೊಟ್ಟೂರು
6 ಫೆಬ್ರುವರಿ 2001

ಭಾವನವರಿಗೆ ಹಾಲಸ್ವಾಮಿಯ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಅವ್ವನಿಗೆ ಮೊಣಕಾಲು ನೋವು, ನನಗೆ ಕೆಲಸವಿಲ್ಲ, ಅಕ್ಕ ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ನೀವು ತಂದುಕೊಟ್ಟ ಎರಡು ಜೋಕರ್ ಮೀನು ಕ್ಷೇಮ. ಹೂವೂ ಕ್ಷೇಮ. ಅದು ಗಿಡವಲ್ಲ, ಸಮುದ್ರದ ಪ್ರಾಣಿ, ಹೆಸರು ಅನಿಮೋನ್ ಎಂದು ಬಂದವರಿಗೆಲ್ಲ ಹೇಳಿ ಸಾಕಾಯಿತು. ಈಗ ನಾನೂ ಹೂವು ಎಂದೇ ಅನ್ನುತ್ತೇನೆ.

ತಮಿಳುನಾಡಿನಲ್ಲಿ ನೀವು ಕೆಲಸ ಮಾಡುವ ಮಂಡಪಂನಿಂದ ಗಾಳಿ ತುಂಬಿದ ಚೀಲದಲ್ಲಿ ಸಮುದ್ರದ ಮೀನು ಕೊಟ್ಟೂರಿಗೆ ಬಂತು ಎಂಬುದನ್ನು ಓಣಿ ಇನ್ನೂ ನಂಬಿಲ್ಲ. ನಿನ್ನೆ ಪಕ್ಕದ ಮನೆಯ ಸುಂಕಮ್ಮ ತೊಟ್ಟಿಯ ಗಾಜಿಗೆ ಮೂಗು ಹಚ್ಚಿ ಕೂತಿದ್ದಳು. "ಮುಟ್ಟಿದ್ರ ಚುಚ್ಚೋ ಹೂವಂತ, ಈ ಮೀನು ಅದರೊಳಗ ಹೊಕ್ಕೊಂಡು ಮಲಗ್ತೈತಲ್ಲ, ಅತ್ತಿ ಮನ್ಯಾಗ ಸೊಸಿ ಇದ್ದಂಗ" ಅಂದಳು. ಅಕ್ಕ ನಕ್ಕಳು. ಅವ್ವ ಹೊಟ್ಟೆ ಅಲುಗೀತೆಂದು ನಗಬೇಡ ಅಂದಳು. ಈಗ ಐದನೆಯ ತಿಂಗಳು. ಹಿಂದಿನ ಎರಡೂ ಆರು ತುಂಬುವ ಮೊದಲೇ ಹೋದವಲ್ಲ, ಅವ್ವ ದಿನ ಎಣಿಸುತ್ತಿದ್ದಾಳೆ.

ಅಕ್ಕ ಎಣಿಸುವುದು ಬೇರೆ. ಹೊರಡುವಾಗ ನೀವು, "ಈಗ ಹೂವು ಅಂಗೈಯಷ್ಟೈತಿ, ಊಟದ ತಟ್ಟಿಯಷ್ಟು ಆಗೋದರೊಳಗ ಬಂದಿರ್ತೀನಿ" ಅಂದಿರಿ. ಅವಳು ತನ್ನ ಸ್ಟೀಲಿನ ತಟ್ಟೆ ತರಿಸಿ ಮಂಚದ ಬದಿಗೆ ಇಟ್ಟುಕೊಂಡಿದ್ದಾಳೆ. ದಿನಾ ಬೆಳಿಗ್ಗೆ ನಾನು ಅದನ್ನು ಗಾಜಿಗೆ ಹಿಡಿಯಬೇಕು, ಅವಳು ಮಲಗಿದಲ್ಲಿಂದಲೇ ಅಳೆಯಬೇಕು.

ಒಂದು ಪ್ರಶ್ನೆ. ನೀವು ಹೋದ ಮಧ್ಯಾಹ್ನ ಹೂವು ಕಲ್ಲು ಬಿಟ್ಟು ಬಂದು ಗಾಜಿಗೆ ಅಂಟಿತ್ತು. ಕಲ್ಲಿಗೆ ಕಚ್ಚಿಕೊಳ್ಳುವ ಅದರ ಪಾದ ಪೂರ್ತಿ ಕಾಣಿಸಿತು. ದುಂಡಗೆ, ನುಣ್ಣಗೆ, ಎಲ್ಲೂ ಒಂದು ಗೀರು ಇಲ್ಲ. ಅಕ್ಕನೂ ನೋಡಿದಳು. ಸಂಜೆಗೆ ತಾನೇ ಕಲ್ಲಿಗೆ ಮರಳಿತು. ಹೀಗೆ ನಡೆದಾಡಬಹುದೇ?

ಭಾನುವಾರ ನೀವು ಬೂತಿನಿಂದ ಮಾಡುವ ಫೋನಿನಲ್ಲಿ ನಾನು ಏನೂ ಕೇಳಲಾರೆ. ಫೋನು ಅಕ್ಕನ ಮಂಚದ ಪಕ್ಕದಲ್ಲಿದೆ. ಪತ್ರವನ್ನೂ ಮನೆಗೆ ಬರೆಯಬೇಡಿ. ಬಂದರೆ ಅಕ್ಕ ಓದು ಅನ್ನುತ್ತಾಳೆ, ನಡುನಡುವೆ ಬಿಟ್ಟು ಓದಲು ನನಗೆ ಬರುವುದಿಲ್ಲ. ಬಸ್‌ ಸ್ಟ್ಯಾಂಡ್ ಎದುರು ದುರುಗಣ್ಣನ ಸೈಕಲ್ ಶಾಪಿನ ವಿಳಾಸಕ್ಕೆ ಬರೆಯಿರಿ.

ಹಾಲಸ್ವಾಮಿ


ಮಂಡಪಂ
12 ಫೆಬ್ರುವರಿ 2001

ಪ್ರೀತಿಯ ಹಾಲ,

ನಡೆದಾಡಲಿ, ಗಾಬರಿ ಬೇಡ. ಜಾಗ ಹಿಡಿಸುವವರೆಗೆ ಅದೂ ನಿನ್ನ ಹಾಗೆಯೇ. ಹರಿಹರದ ಗ್ಯಾರೇಜು, ಹುಬ್ಬಳ್ಳಿಯ ಲಾರಿ, ಮೂರು ತಿಂಗಳು ಎಲ್ಲೂ ನಿಲ್ಲದ ನೀನು ಈ ತೊಟ್ಟಿಯ ಮುಂದೆ ನಿಂತಿದ್ದೀ ಎಂದರೆ ನನಗೆ ಅದೇ ದೊಡ್ಡದು.

ನೀರಿನ ಕ್ರಮ ಬರೆದಿಡು. ವಾರಕ್ಕೊಮ್ಮೆ ಎರಡು ಕೊಡ ತೆಗೆದು ಎರಡು ಕೊಡ ಹೊಸದು. ಬೋರಿನ ನೀರು ಬೇಡ, ನಲ್ಲಿಯ ಹೊಳೆ ನೀರು. ನಾನು ಬಿಟ್ಟುಬಂದ ಪೊಟ್ಟಣದ ಉಪ್ಪು ಬೆರೆಸಿ ಎರಡು ದಿನ ತೆರೆದಿಡು, ಉಪ್ಪು ಅಳೆಯುವ ಮಾಪಕ ಕೆಂಪು ಗೆರೆಗೆ ನಿಂತಾಗ ಹಾಕು. ಪಾತ್ರೆ ಮಾತ್ರ ಶುದ್ಧವಾಗಿರಲಿ, ಸೋಪು ತಾಗಿರಬಾರದು. ಕರೆಂಟು ಹೋದಾಗ ಲೋಟದಿಂದ ನೀರೆತ್ತಿ ಮೇಲಿಂದ ಹೊಯ್ಯುತ್ತಿರು. ಹೂವಿಗೆ ವಾರಕ್ಕೆರಡು ಸಲ ನೆನೆಸಿದ ಒಣ ಸೀಗಡಿ, ಉಗುರಿನಷ್ಟು.

ಯುಗಾದಿಗೆ ಬರುತ್ತೇನೆಂದು ಗಂಗಾಗೆ ಹೇಳು.

ಅಮರೇಶ್


ಕೊಟ್ಟೂರು
21 ಫೆಬ್ರುವರಿ 2001

ಭಾವನವರಿಗೆ,

ಸೀಗಡಿ ಎಂದು ಸುಲಭವಾಗಿ ಬರೆದುಬಿಟ್ಟಿರಿ. ಹಗರಿಬೊಮ್ಮನಹಳ್ಳಿ ಸಂತೆಗೆ ಹೋಗಿ ತಂದೆ. ಬಾಗಿಲಲ್ಲೇ ಅವ್ವ ಹಿಡಿದಳು.

"ಏನಲೇ ಅದು ನಾತ?"

"ಒಣ ಸೀಗಡಿ."

"ಏನಂದಿ?"

"ಸೀಗಡಿ, ಅವ್ವ. ಹೂವಿಗೆ."

"ಹೂವು ಅಂದ್ರ ನೀರು ಕುಡಿದು ಇರಬೇಕು. ಲಿಂಗಪೂಜಿ ಮಾಡೋ ಮನ್ಯಾಗ ಮಾಂಸ ತಿನ್ನೋ ಹೂವು ತಂದು ಇಟ್ಟಾರ ನಿಮ್ಮ ಭಾವ! ಒಣಗಿದ ಕಡ್ಡಿ ಅಂತ ಒಂದು ಮಾತು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತೋ? ಸಾಲ್ಯಾಗನೂ ಹಿಂಗ ಮಾಡಿ ಬಂದಿ."

ಆ ಮಾತನ್ನು ಅವ್ವ ತಿಂಗಳಿಗೊಮ್ಮೆ ಎತ್ತುತ್ತಾಳೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಉತ್ತರ ಬರೆದದ್ದನ್ನು ತನಿಖೆಗೆ ಬಂದವರು ಕೇಳಿದರು, ನಾನು ಹೇಳಿದೆ. ಕೇಳಿದ್ದಕ್ಕೆ ಹೇಳಿದೆ. ಆಮೇಲೆ ಆ ಶಾಲೆಗೆ ಹೋಗಲು ನನ್ನಿಂದಾಗಲಿಲ್ಲ. ಅದಕ್ಕೂ ಸೀಗಡಿಗೂ ಏನು ಸಂಬಂಧ?

ಅಕ್ಕ ಮಂಚದಿಂದಲೇ, "ಅವ್ವ, ಹೂವು ಬೆಳೀಬೇಕಲ್ಲ" ಅಂದಳು. ಅಷ್ಟೇ. ಅವ್ವ ಬಾಗಿಲು ಬಿಟ್ಟಳು. ಸೀಗಡಿ ಡಬ್ಬಿ ಈಗ ಮಾಳಿಗೆಯ ಮೇಲಿದೆ. ಅದನ್ನು ಮುಟ್ಟಿದ ಮೇಲೆ ಕೈ ತೊಳೆದೇ ನಾನು ಒಳಗೆ ಬರಬೇಕು. ನೀರಿನ ವಿಷಯದಲ್ಲೂ ಅವ್ವ ಒಂದು ಶರತ್ತು ಹಾಕಿದಳು. ಅದು ಅವಳ ಮಡಿಯ ಮಾತು, ಮೀನಿಗೆ ಸಂಬಂಧವಿಲ್ಲ, ಬರೆದು ಪತ್ರ ಉದ್ದ ಮಾಡುವುದಿಲ್ಲ. ನೀವು ಹೇಳಿದ್ದಕ್ಕಿಂತ ಶುದ್ಧವಾಗಿಯೇ ನಡೆಯುತ್ತಿದೆ, ಸೋಪಿನ ಹೆಸರೇ ಇಲ್ಲ.

ಸೀಗಡಿಯ ಮೊದಲ ಚೂರನ್ನು ದೊಡ್ಡ ಮೀನು ಬಾಯಲ್ಲಿ ಹಿಡಿದು, ತಾನು ತಿನ್ನದೆ, ಹೂವಿನ ಮೇಲೆ ಇಟ್ಟಿತು. ಹೂವು ಮುಚ್ಚಿಕೊಂಡಿತು. ಅವ್ವ ನೋಡುತ್ತಿದ್ದಳು. "ಇದಕ್ಕ ಇರೋ ಬುದ್ಧಿ..." ಅಂದವಳು ಮಾತು ಮುಗಿಸಲಿಲ್ಲ.

ಹಾಲಸ್ವಾಮಿ


ಕೊಟ್ಟೂರು
8 ಮಾರ್ಚ್ 2001

ಭಾವನವರಿಗೆ,

ಹೂವು ಕುಗ್ಗಿದೆ. ಮೊದಲು ಒಂದು ಹೊತ್ತು ಕುಗ್ಗಿ ಮತ್ತೆ ಅರಳುತ್ತಿತ್ತು. ಈಗ ನಾಲ್ಕು ದಿನದಿಂದ ಪೂರ್ತಿ ಅರಳಿಲ್ಲ. ಎಳೆಗಳು ಚಿಕ್ಕವಾಗಿವೆ, ನಡುವಿನ ಬಾಯಿ ತೆರೆದೇ ಇರುತ್ತದೆ. ಮಾಪಕ ಕೆಂಪು ಗೆರೆಯಲ್ಲೇ ಇದೆ, ನೀರು ತಪ್ಪದೆ ಬದಲಿಸಿದ್ದೇನೆ. ಮೀನುಗಳು ಆಡಿಕೊಂಡಿವೆ.

ಬೆಳಿಗ್ಗೆ ತಟ್ಟೆ ಹಿಡಿದಾಗ ಅಕ್ಕ ಬಹಳ ಹೊತ್ತು ನೋಡಿದಳು. "ಸ್ವಲ್ಪ ಎಡಕ್ಕ ಹಿಡಿ" ಅಂದಳು. ಎಡಕ್ಕೆ ಹಿಡಿದೆ. "ಹತ್ರ ಹಿಡಿ." ಹಿಡಿದೆ. ಹೇಗೆ ಹಿಡಿದರೂ ಅದು ಅಂಗೈಯಷ್ಟಿಲ್ಲ. "ಮಲಗೇತಿ ಅನಸ್ತೈತಿ" ಅಂದಳು. ನಾನು ತಟ್ಟೆ ಇಳಿಸಿ ಅದರ ಜಾಗದಲ್ಲಿ ಇಟ್ಟೆ.

ಏನು ಮಾಡಲಿ? ಬೇಗ ಬರೆಯಿರಿ.

ಹಾಲಸ್ವಾಮಿ


ಮಂಡಪಂ
9 ಮಾರ್ಚ್ 2001

ಪ್ರೀತಿಯ ಹಾಲ,

ಸೀಗಡಿಯ ಜಗಳ ಓದಿ ಇಲ್ಲಿನ ಹುಡುಗರಿಗೆಲ್ಲ ತಮಿಳಿನಲ್ಲಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ಮೀನು ಹೂವಿಗೆ ಉಣಿಸಿತು ಎಂದರೆ ಸಂಸಾರ ಕೂಡಿತು ಎಂದರ್ಥ. ಇನ್ನು ಚಿಂತೆಯಿಲ್ಲ. ಯುಗಾದಿಗೆ ಇಲ್ಲಿ ಬಿಡುವಂತೆ ಕಾಣುವುದಿಲ್ಲ. ಏಪ್ರಿಲ್ ಕೊನೆಗೆ ಖಂಡಿತ.

ಅಮರೇಶ್


ಮಂಡಪಂ
14 ಮಾರ್ಚ್ 2001

ಹಾಲ,

ನಿನ್ನ ಎಂಟರ ಪತ್ರ ಈಗ ಕೈಸೇರಿತು. ನೀರು ಕೆಟ್ಟಿರಬೇಕು. ಇನ್ನು ವಾರ ಕಾಯಬೇಡ, ದಿನ ಬಿಟ್ಟು ದಿನ ಬದಲಿಸು. ಎರಡು ಕೊಡವಲ್ಲ, ಮೂರು. ಆಹಾರ ನಿಲ್ಲಿಸು. ಹೊಸ ನೀರು ಹೆಚ್ಚಿದಷ್ಟೂ ಅದು ಚೇತರಿಸಿಕೊಳ್ಳುತ್ತದೆ, ಇಲ್ಲಿ ನಾನು ನೋಡಿದ್ದೇನೆ.

ಗಂಗಾಗೆ ಏನೂ ಹೇಳಬೇಡ. ಆರನೆಯ ತಿಂಗಳು ನಡೆಯುತ್ತಿದೆ. ನಿನ್ನ ಸತ್ಯವನ್ನು ಸ್ವಲ್ಪ ದಿನ ದುರುಗಣ್ಣನ ಶಾಪಿನಲ್ಲೇ ಇಟ್ಟು ಬಾ.

ಅಮರೇಶ್


ಕೊಟ್ಟೂರು
24 ಮಾರ್ಚ್ 2001

ಭಾವನವರಿಗೆ,

ಹತ್ತೊಂಬತ್ತರಿಂದ ದಿನ ಬಿಟ್ಟು ದಿನ ಮೂರು ಕೊಡ. ಅವ್ವನೂ ಮೊಣಕಾಲು ನೋವಿನಲ್ಲೇ ಜೊತೆಗೆ ನಿಲ್ಲುತ್ತಾಳೆ. ಸಂಜೆ ಪಾತ್ರೆ ತಿಕ್ಕಿ ಕೊಡುವವಳು ಅವಳೇ. ಹೊಸ ನೀರು ಹಾಕಿದ ದಿನ ಹೂವು ಇನ್ನಷ್ಟು ಮುದುಡುತ್ತದೆ. ಮರುದಿನ ಒಂದಿಷ್ಟು ಬಿಚ್ಚಿಕೊಳ್ಳಲು ನೋಡುತ್ತದೆ, ಅಷ್ಟರಲ್ಲಿ ಮತ್ತೆ ನೀರಿನ ದಿನ ಬರುತ್ತದೆ. ಇದು ನನ್ನ ಕಣ್ಣಿಗೆ ಕಂಡದ್ದು. ನೀವು ಅಲ್ಲಿ ನೋಡಿದ್ದು ಬೇರೆ ಇರಬಹುದು. ಬದಲಿಸುವುದನ್ನು ನಿಲ್ಲಿಸಲೇ? ನಿಮ್ಮ ಉತ್ತರ ಬರಲು ಹತ್ತು ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ಹೇಳಿದ್ದನ್ನೇ ಮಾಡುತ್ತೇನೆ. ಬಿಟ್ಟೆ ಅಂತ ಸತ್ತರೆ ಏನು ಹೇಳಲಿ?

ಆಹಾರ ನಿಲ್ಲಿಸಿದರೂ ದೊಡ್ಡ ಮೀನು ಕೇಳುವುದಿಲ್ಲ. ತನಗೆ ಹಾಕಿದ ಕಾಳನ್ನು ಒಯ್ದು ಹೂವಿನ ಮೇಲೆ ಇಡುತ್ತದೆ. ಅದು ಜಾರಿ ಕೆಳಗೆ ಬೀಳುತ್ತದೆ. ಮತ್ತೆ ಎತ್ತಿ ಇಡುತ್ತದೆ. ನಿನ್ನೆ ಹನ್ನೊಂದು ಸಲ ಎಣಿಸಿ ಎದ್ದು ಹೊರಗೆ ಹೋದೆ. ಹಡಗಲಿ ಬಸ್ಸು ನಿಂತಿತ್ತು. ಹತ್ತಿ ಕೂತೆ. ಎಲ್ಲಿಗೆಂದು ಕಂಡಕ್ಟರ್ ಕೇಳಿದ, ಇಳಿದು ಬಂದೆ.

ಮನೆಗೆ ಬಂದಾಗ ಅಕ್ಕ ಕೇಳಿಯೇಬಿಟ್ಟಳು.

"ಹಾಲಾ, ಇದು ಉಳೀತೈತೇನೋ?"

"ಗೊತ್ತಿಲ್ಲಕ್ಕ."

"ಭಾವ ಏನಂತ ಬರದಾರ?"

"ನಿನಗ ಏನೂ ಹೇಳಬ್ಯಾಡ ಅಂತ ಬರದಾರ."

ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಗೋಡೆಯ ಕಡೆ ಹೊರಳಿ, "ಇಂಥ ಬಾಯಿ ಇಟ್ಕೊಂಡು ನೀನು ಹೆಂಗ ಬಾಳ್ವಿ ಮಾಡ್ತೀಯೋ" ಅಂದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಏನೋ ತಿಳಿಯಲಿಲ್ಲ.

ಹಾಲಸ್ವಾಮಿ


ಮಂಡಪಂ
30 ಮಾರ್ಚ್ 2001

ಹಾಲ,

ಓದಿದ ಕೂಡಲೇ ಬರೆಯುತ್ತಿದ್ದೇನೆ. ಹೊಸ ನೀರು ಹಾಕಿದ ದಿನ ಮುದುಡುತ್ತದೆ ಎಂದರೆ ಕೇಡು ಹೊಸ ನೀರಿನಲ್ಲೇ ಇದೆ. ಉಪ್ಪು ನೀರನ್ನು ಯಾವ ಪಾತ್ರೆಯಲ್ಲಿ ಕಲಸಿ ಇಡುತ್ತೀ? ಅವ್ವನ ಶರತ್ತು ಏನು? ಹಿತ್ತಾಳೆ, ತಾಮ್ರ ಯಾವುದೂ ತಾಗಕೂಡದು. ತಾಮ್ರವಂತೂ ಹೂವಿಗೆ ವಿಷ. ನೀರು ಬದಲಿಸುವುದನ್ನು ಈಗಲೇ ನಿಲ್ಲಿಸು.

ಅಮರೇಶ್


ಕೊಟ್ಟೂರು
2 ಏಪ್ರಿಲ್ 2001

ಭಾವನವರಿಗೆ,

ನಿನ್ನೆ ಬೆಳಿಗ್ಗೆ ಹೂವು ಕಲ್ಲು ಬಿಟ್ಟು ತಳದಲ್ಲಿ ಬಿದ್ದಿತ್ತು. ನೀರಿನಿಂದ ಕೊಳೆತ ವಾಸನೆ ಬಂತು. ತೆಗೆಯದಿದ್ದರೆ ಮೀನೂ ಸಾಯುತ್ತವೆ ಎಂದು ಹೊರಡುವಾಗ ಹೇಳಿದ್ದಿರಿ, ತೆಗೆದೆ. ಕೈಗೆ ಲೋಳೆಯಾಗಿ ಬಂತು. ದೊಡ್ಡ ಮೀನು ನನ್ನ ಬೆರಳು ಕಚ್ಚಿತು, ಮತ್ತೆ ಮತ್ತೆ ಕಚ್ಚಿತು. ಇಷ್ಟು ಸಣ್ಣ ಬಾಯಿ, ನೋವೇನೂ ಆಗಲಿಲ್ಲ.

ಅಕ್ಕ ಎಚ್ಚರವಿದ್ದಳು. "ಸತ್ತೈತೇನು?" ಅಂದಳು. ಹೂಂ ಅಂದೆ. "ಅವ್ರಿಗೆ ಬರೀಬ್ಯಾಡ. ದೂರದಾಗ ಅದಾರ, ಕೇಳಿ ಏನ್ ಮಾಡ್ತಾರ?" ಅಂದಳು. ಬರೆಯುತ್ತೇನೆ ಅಂದೆ.

ಸಂಜೆ ನೀವು ಫೋನು ಮಾಡಿದಿರಿ. ನಾನು ಅಲ್ಲೇ ಖಾಲಿ ಕಲ್ಲನ್ನು ತಿಕ್ಕುತ್ತಿದ್ದೆ. "ಚೊಲೊ ಐತ್ರಿ. ತಟ್ಟಿ ಅಂಚಿಗೆ ಬಂದೈತಿ. ನೀವು ಯಾವಾಗ ಬರ್ತೀರಿ?" ಎಂದು ಅವಳು ಕೇಳಿದಳು. ನೀವು ಏನಂದಿರೋ ನನಗೆ ಕೇಳಿಸಲಿಲ್ಲ. ಅವಳು ಫೋನಿಟ್ಟು ಹೊದಿಕೆ ಎಳೆದುಕೊಂಡಳು.

ತಟ್ಟೆ ಇನ್ನೂ ಮಂಚದ ಬದಿಗೇ ಇದೆ. ಇವತ್ತು ಬೆಳಿಗ್ಗೆ ಹಿಡಿ ಅನ್ನಲಿಲ್ಲ.

ಹಾಲಸ್ವಾಮಿ


ಕೊಟ್ಟೂರು
5 ಏಪ್ರಿಲ್ 2001

ಭಾವನವರಿಗೆ,

ನಿಮ್ಮ ಮೂವತ್ತರ ಪತ್ರ ಇವತ್ತು ಬಂತು. ದುರುಗಣ್ಣನ ಶಾಪಿನ ಮುಂದೆ ನಿಂತೇ ಓದಿದೆ.

ತಾಮ್ರದ ಹಂಡೆ.

ಅವ್ವನ ಶರತ್ತು ಅದೇ. ಸೀಗಡಿ ಮನೆಯೊಳಗೆ ಬರುವುದಾದರೆ ನೀರಾದರೂ ಮಡಿಯಿಂದ ಬರಲಿ, ಬಚ್ಚಲ ಹಂಡೆಯಲ್ಲ, ಲಿಂಗಪೂಜೆಯ ನೀರು ತುಂಬುವ ಹಂಡೆಯಲ್ಲಿ ಕಲಸು ಅಂದಳು. ನೀವು ಸೋಪು ಬೇಡ ಅಂದಿರಿ, ಅವ್ವ ಪ್ರತಿ ಸಲ ಹುಣಸೆಹಣ್ಣು ಹಚ್ಚಿ ಚಿನ್ನದ ಹಾಗೆ ತಿಕ್ಕಿ ಕೊಟ್ಟಳು. ಉಪ್ಪು ನೀರು ಎರಡು ದಿನ ಅದರಲ್ಲೇ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಪಾತ್ರೆ ಇಲ್ಲ. ನೀವು ಹೆಚ್ಚು ಬದಲಿಸು ಅಂದಿರಿ. ನಾವು ಹೆಚ್ಚು ಹಾಕಿದೆವು.

ಫೆಬ್ರುವರಿಯಲ್ಲೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಪತ್ರ ಉದ್ದವಾಗುತ್ತದೆ ಎಂದು ಬಿಟ್ಟೆ. ಸುಳ್ಳು ಹೇಳಲಿಲ್ಲ, ಬಿಟ್ಟೆ ಅಷ್ಟೇ.

ಇದನ್ನು ಬರೆಯುವಾಗ ಅವ್ವ ಹಿತ್ತಲಲ್ಲಿ ಆ ಹಂಡೆಯನ್ನೇ ತಿಕ್ಕುತ್ತಿದ್ದಾಳೆ. ಮೀನಾದರೂ ಉಳಿಯಲಿ ಅನ್ನುತ್ತಾಳೆ. ನೀರು ಬದಲಿಸುವುದನ್ನು ನಿಲ್ಲಿಸಿದ್ದೇನೆ, ಯಾಕೆಂದು ಅವಳು ಇನ್ನೂ ಕೇಳಿಲ್ಲ. ಹೂವು ಯಾಕೆ ಸತ್ತಿತು ಎಂದು ಇವತ್ತೋ ನಾಳೆಯೋ ಕೇಳುತ್ತಾಳೆ. ಕೇಳಿದರೆ ನನ್ನ ಬಾಯಿಂದ ಬರುವುದು ಒಂದೇ ಮಾತು. ಆಮೇಲೆ ಅವಳು ಮಗಳ ಮುಖ ಹೇಗೆ ನೋಡುತ್ತಾಳೆ? ಈ ಸಲ ನನಗೆ ನಿಜವಾಗಿ ಏನೂ ತೋಚುತ್ತಿಲ್ಲ.

ಹಾಲಸ್ವಾಮಿ


ಮಂಡಪಂ
11 ಏಪ್ರಿಲ್ 2001
(ಮನೆಯ ವಿಳಾಸಕ್ಕೆ)

ಅತ್ತೆಯವರಿಗೆ ನಮಸ್ಕಾರ. ಗಂಗಾ, ಹಾಲ, ಇದನ್ನು ಎಲ್ಲರೂ ಕೇಳಿ.

ಹೂವು ಹೋದದ್ದು ತಿಳಿಯಿತು. ತಪ್ಪು ನನ್ನದು. ಸಮುದ್ರದಲ್ಲಿ ಬಂಡೆಯಿಂದ ಬಿಡಿಸುವಾಗ ಅದರ ಪಾದ ಹರಿದಿತ್ತು. ಹರಿದ ಪಾದದ ಹೂವು ಎರಡು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ತರುವಾಗಲೇ ಗೊತ್ತಿತ್ತು, ಆದರೂ ಆಸೆಗೆ ತಂದೆ. ನೀವು ಅಷ್ಟು ದಿನ ಉಳಿಸಿಕೊಂಡದ್ದೇ ಹೆಚ್ಚು. ಅತ್ತೆಯವರೇ, ಇನ್ನು ಆ ಹಂಡೆ ಬೇಡ, ನಿಮ್ಮ ಮೊಣಕಾಲಿಗೆ ತ್ರಾಸು. ಹಾಲ ಹೊಸ ಪ್ಲಾಸ್ಟಿಕ್ ಬಕೆಟ್ ತಂದು ಅದರಲ್ಲೇ ಕಲಸಲಿ.

ಅಮರೇಶ್


ಮಂಡಪಂ
11 ಏಪ್ರಿಲ್ 2001
(ಸೈಕಲ್ ಶಾಪಿನ ವಿಳಾಸಕ್ಕೆ)

ಹಾಲ, ಈ ಚೀಟಿ ನಿನಗೊಬ್ಬನಿಗೆ.

ಅಂಗೈಯಷ್ಟಿದ್ದ ಹೂವು ತಟ್ಟೆಯಷ್ಟಾಗಲು ಎರಡು ಮೂರು ವರ್ಷ ಬೇಕು. ಅವಳಿಗೆ ಹಾಗೆ ಹೇಳುವಾಗ ನನಗದು ಗೊತ್ತಿತ್ತು. ಇಲ್ಲಿ ರಜೆ ಕೇಳಿದರೆ ಕೊಡುತ್ತಾರೆ. ನಾನು ಕೇಳಿಲ್ಲ. ಹಿಂದಿನ ಎರಡು ಸಲವೂ ನಾನು ಅವಳ ಪಕ್ಕದಲ್ಲಿದ್ದೆ. ಎರಡನೆಯ ಸಲ ಆಸ್ಪತ್ರೆಯಲ್ಲಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಚಿಗಟೇರಿಯ ನಮ್ಮ ಹೊಲದಲ್ಲಿ ನಾನೇ ಮಣ್ಣು ಮಾಡಿದೆ. ನಾನು ದೂರವಿದ್ದರೆ ಈ ಸಲ ಉಳಿಯಬಹುದು ಎಂದು ತಲೆಯಲ್ಲಿ ಹೊಕ್ಕಿದೆ, ಹೋಗುತ್ತಿಲ್ಲ. ಇದನ್ನು ಬರೆಯಲು ನಿನ್ನ ಬಿಟ್ಟರೆ ನನಗೆ ಯಾರೂ ಇಲ್ಲ.

ಅಮರೇಶ್


ಕೊಟ್ಟೂರು
18 ಏಪ್ರಿಲ್ 2001

ಭಾವನವರಿಗೆ,

ಎರಡೂ ನಿನ್ನೆ ಒಂದೇ ದಿನ ಬಂದವು.

ಮನೆಯ ಪತ್ರವನ್ನು ಅಕ್ಕ ಓದು ಅಂದಳು. ಓದಿದೆ, ಒಂದು ಅಕ್ಷರ ಬಿಡದೆ. ನಿಮ್ಮ ಮಾತನ್ನು ನೀವು ಬರೆದಂತೆ ಓದುವುದು ನನ್ನ ಸುಳ್ಳಲ್ಲ ಎಂದು ಬರುವ ದಾರಿಯಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಆದರೂ ಪಾದದ ಸಾಲನ್ನು ಬೇಗ ಬೇಗ ಓದಿ ಮುಗಿಸಿದೆ. ಆ ಪಾದವನ್ನು ನಾನು ನೋಡಿದ್ದೇನೆ. ಗಾಜಿಗೆ ಅಂಟಿತ್ತು, ಒಂದು ಗೀರು ಇರಲಿಲ್ಲ. ನಿಮಗೇ ಬರೆದಿದ್ದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಪಾಪ, ಬೇಕಂತ ಹರಿದಾರೇನು? ಕಲ್ಲಿಗಿ ಹತ್ತಿದ್ದು ಕೀಳೋದು ಅಂದ್ರ ಸುಲಭ ಐತೇನು? ನಾನು ಸೀಗಡಿಗೆ ಬೈದಿದ್ದಕ್ಕ ಹಿಂಗಾತೋ ಏನೋ ಅಂತ ಇಷ್ಟು ದಿನ ಒಳಗೊಳಗ ಸಾಯ್ತಿದ್ದೆ ನೋಡು" ಅಂದಳು. ಎದ್ದು ಹೋಗಿ ಹಂಡೆಯನ್ನು ಪೂಜೆಯ ಮೂಲೆಗೆ ಬೋರಲು ಹಾಕಿದಳು. ನನ್ನನ್ನು ಏನೂ ಕೇಳಲಿಲ್ಲ. ಅವಳಿಗೆ ಉತ್ತರ ಸಿಕ್ಕಿತ್ತು.

ಅಕ್ಕ ನನ್ನ ಕಡೆ ನೋಡಲಿಲ್ಲ. ತೊಟ್ಟಿಯ ಎಡಗಡೆಯ ಗಾಜನ್ನು ನೋಡುತ್ತಿದ್ದಳು, ಆ ಮಧ್ಯಾಹ್ನ ಪಾದ ಅಂಟಿದ್ದ ಜಾಗ. ಆಮೇಲೆ ತಟ್ಟೆ ಕೈಗೆ ತೆಗೆದುಕೊಂಡು, "ಅವ್ವ, ಇದರಾಗ ಊಟಕ್ಕ ಹಾಕು" ಅಂದಳು.

ಮೀನುಗಳೆರಡೂ ಉಳಿದಿವೆ. ಗಾಜು ತಿಕ್ಕುವ ಸ್ಪಂಜನ್ನು ತೊಟ್ಟಿಯಲ್ಲೇ ಮರೆತಿದ್ದೆ. ದೊಡ್ಡದು ಈಗ ಅದಕ್ಕೇ ಮೈ ಉಜ್ಜುತ್ತದೆ, ಕಾಳು ತಂದು ಅದರ ಮೇಲೆ ಇಡುತ್ತದೆ. ತೆಗೆಯಲು ಹೋದೆ. ಅಕ್ಕ ಬೇಡ ಅಂದಳು.

ಏಳನೆಯ ತಿಂಗಳು ನಡೆಯುತ್ತಿದೆ. ಮಗು ಒದೆಯುತ್ತದಂತೆ. ಡಾಕ್ಟರ್ ಏನೂ ಭರವಸೆ ಕೊಡಲಿಲ್ಲ, ನಾನೂ ಕೊಡುವುದಿಲ್ಲ. ನೀವು ದೂರವಿದ್ದರೂ ಹೂವು ಸತ್ತಿತು. ಅಷ್ಟು ಮಾತ್ರ ನನಗೆ ಗೊತ್ತಿದೆ.

ಮೊದಲು ಯುಗಾದಿ ಅಂದಿರಿ, ಆಮೇಲೆ ಏಪ್ರಿಲ್ ಕೊನೆ ಅಂದಿರಿ, ಈಗ ಯಾವ ದಿನವೂ ಇಲ್ಲ. ಇಂಥ ಇನ್ನೊಂದು ಪತ್ರ ಮನೆಗೆ ಬಂದರೆ ನಾನು ಓದುವುದಿಲ್ಲ, ಅಕ್ಕನ ಕೈಗೇ ಕೊಡುತ್ತೇನೆ. ನಿಮ್ಮ ಚೀಟಿ ನನ್ನ ಜೇಬಿನಲ್ಲಿದೆ. ಭಾವ ಯಾಕೆ ಬರುತ್ತಿಲ್ಲ ಎಂದು ಅಕ್ಕ ನನ್ನನ್ನು ಇನ್ನೂ ಕೇಳಿಲ್ಲ. ಕೇಳಿದ ದಿನ ಹೇಳಿಬಿಡುತ್ತೇನೆ, ಅದು ನಿಮಗೂ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಅವಳು ಕೇಳುತ್ತಿಲ್ಲ.

ಅವಳು ಕೇಳುವ ಮೊದಲು ಬನ್ನಿ.

ಹಾಲಸ್ವಾಮಿ